ಠಾಣೆಯ ಅರಸುಮಗಳು: ಶಿಲಾಹಾರ ಆಸ್ಥಾನದ ಪ್ರಣಯ, ಪೈಪೋಟಿ ಮತ್ತು ಕನ್ನಡ ಶಾಸನವೊಂದರ ಸಾಕ್ಷ್ಯ

ಧಾರವಾಡಕ್ಕೆ ಸಮೀಪದ ನರೇಂದ್ರವೆಂಬ ಗ್ರಾಮದ ಕನ್ನಡ ಶಾಸನವು ಇತಿಹಾಸಕಾರರಿಗೆ ಹೊಸದೇನೂ ಅಲ್ಲ. ಗೋವೆಯ ಕದಂಬರ ವಂಶಾವಳಿಯನ್ನು ನಿರ್ಣಯಿಸುವಲ್ಲಿ ಅದರ ನೆರವು ದೊಡ್ಡದು. ಎಲ್. ಡಿ. ಬಾರ್ನೆಟ್ ಅವರು ಅದನ್ನು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಸಂಪಾದಿಸಿದರು. ಜಾರ್ಜ್ ಮೊರೇಸ್ ಅವರು 1931ರಲ್ಲಿ ಪ್ರಕಟಿಸಿದ ತಮ್ಮ 'ಕದಂಬ ಕುಲ' ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ಬಳಸಿಕೊಂಡರು. ಕ್ರಿ.ಶ. 1125ರ ಸುಮಾರಿನ ಈ ಶಾಸನವು ಇಮ್ಮಡಿ ಜಯಕೇಶಿ ಮತ್ತು ಅವನ ರಾಣಿ ಮೈಲಲದೇವಿಯರ ಕಾಲದ್ದು. ಜಯಕೇಶಿಯ ಮುತ್ತಜ್ಜ ಚಟ್ಟಯ್ಯದೇವನನ್ನು, ಅಂದರೆ ಸಂಸ್ಕೃತ ದಾಖಲೆಗಳ ಇಮ್ಮಡಿ ಷಷ್ಠದೇವನನ್ನು ಹೊಗಳುವ ಸಂದರ್ಭದಲ್ಲಿ ಶಾಸನಕವಿ ಒಂದು ಚಿಕ್ಕ ಪ್ರಸಂಗವನ್ನು ತರುತ್ತಾನೆ. ಚಟ್ಟಯ್ಯನು ಕವಡಿದ್ವೀಪವನ್ನು ಗೆದ್ದನಂತೆ. ಹಡಗುಗಳ ಸಾಲನ್ನೇ ಸೇತುವೆಯಾಗಿಸಿ ಲಂಕೆಯವರೆಗೂ ನಡೆದನಂತೆ. ಕಡಲಿನ ಒಡೆಯನಾದ ಇವನ ಪ್ರತಾಪದ ವಾರ್ತೆಯನ್ನು ಕೇಳಿ ಪ್ರಖ್ಯಾತವಾದ ಠಾಣೆಯದ ಮುಮ್ಮುರಿ ತಾನಾಗಿಯೇ ಎದುರಿಗೆ ಬಂದನು. ಅರಮನೆಗೆ ಕರೆದೊಯ್ದು ಅತಿಶಯವಾದ ಅಕ್ಕರೆಯನ್ನು ತೋರಿದನು. ತನ್ನ ಮಗಳನ್ನು ವೈಭವದಿಂದ ವಿವಾಹಮಾಡಿಕೊಟ್ಟು ಅಳಿಯನಿಗೆ ಐದು ಲಕ್ಷ ಹೊನ್ನನ್ನು ನೀಡಿದನು. ಪ್ರಸಂಗ ಇಷ್ಟೇ. ಮುಂದಿನ ಪದ್ಯದಲ್ಲಿ ಕವಿ ಬೇರೆಯ ಕಡೆಗೆ ಹೊರಳುತ್ತಾನೆ.

ಈ ಠಾಣೆಯ ಇಂದಿನ ಠಾಣೆಯೇ ಎಂಬುದರಲ್ಲಿ ಸಂಶಯವಿಲ್ಲ. ಸಂಸ್ಕೃತ ತಾಮ್ರಪಟಗಳಲ್ಲಿ ಶ್ರೀಸ್ಥಾನಕವೆಂದು ಕರೆಸಿಕೊಂಡ ಈ ಪಟ್ಟಣ ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿಯಾಗಿತ್ತು. ಮುಮ್ಮುರಿಯೆಂದರೆ ಆ ವಂಶದ ಮುಮ್ಮುಣಿರಾಜ. ಅಂಬರನಾಥದ ಶಾಸನದಲ್ಲಿ ಅವನೇ ಮಾಮ್ವಾಣಿರಾಜ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಇಂದು ನೆಲೆಸಿರುವ ಕನ್ನಡ ಕುಟುಂಬಗಳ ಸಂಖ್ಯೆ ಅಲ್ಪವಲ್ಲ. ಹೋಟೆಲು, ಬ್ಯಾಂಕು, ರೈಲ್ವೆ, ಕಾರ್ಖಾನೆಗಳ ನಿಮಿತ್ತ ಬಂದವರ ಎರಡನೆಯ, ಮೂರನೆಯ ತಲೆಮಾರು ಅಲ್ಲಿ ಬೆಳೆಯುತ್ತಿದೆ. ಅಲ್ಲಿಯ ಎಳೆಯರ ಕೈಗೆ ಐತಿಹಾಸಿಕ ಕಾದಂಬರಿಯೆಂದು ಸಿಗುವುದು ಕನ್ನಡದಲ್ಲಾದರೆ ವಿಜಯನಗರದ್ದು, ಹೊಯ್ಸಳರದ್ದು, ಚಿತ್ರದುರ್ಗದ್ದು. ಮರಾಠಿಯಲ್ಲಾದರೆ ಶಿವಾಜಿಯ ಕಾಲದ್ದು, ಪೇಶವೆಗಳದ್ದು. ತಾವು ದಿನವೂ ರೈಲಿಳಿಯುವ ನಿಲ್ದಾಣದ ಹೆಸರು ಒಂಬತ್ತು ನೂರು ವರ್ಷಗಳ ಹಿಂದೆ ಕನ್ನಡ ಕಲ್ಲಿನ ಮೇಲೆ, ಅದೂ ಒಂದು ಮದುವೆಯ ಕಾರಣದಿಂದ, ಕೊರೆಯಲ್ಪಟ್ಟಿತ್ತೆಂಬುದು ಅವರಿಗೆ ತಿಳಿಯುವ ಅವಕಾಶವೇ ಕಡಮೆ. ಅರಸುಮನೆಗಳ ಪ್ರಣಯವನ್ನೂ ಪೈಪೋಟಿಯನ್ನೂ ವಸ್ತುವಾಗಿಸಿಕೊಂಡು ಎಳೆಯ ಓದುಗರಿಗಾಗಿ ಬರೆಯುವ ಕಥೆಗೆ ಈ ಪ್ರದೇಶದ ಆಕರಗಳು ಏನನ್ನು ಕೊಡುತ್ತವೆ, ಏನನ್ನು ಕೊಡಲು ಒಪ್ಪುವುದಿಲ್ಲ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ. ಕರ್ನಾಟಕದ ಹೊರಗೆ ಕೆಲಸಮಾಡುವ ಸಂಶೋಧಕರಿಗೆ ಈ ಆಕರಗಳು ಸಂಸ್ಕೃತ, ಕನ್ನಡ, ಗುಜರಾತಿಗಳಲ್ಲಿ ಚದುರಿಹೋಗಿರುವುದೇ ಮುಖ್ಯವಾದ ತೊಡಕು.

ಮೊದಲಿಗೆ ಒಂದು ಎಚ್ಚರಿಕೆ. ಠಾಣೆ ಜಿಲ್ಲೆಯ ಕಲ್ಯಾಣಕ್ಕೂ ಚಾಲುಕ್ಯ ಚಕ್ರವರ್ತಿಗಳ ಕಲ್ಯಾಣಕ್ಕೂ ಸಂಬಂಧವಿಲ್ಲ. ಮೊದಲನೆಯದು ಉಲ್ಹಾಸ ನದಿಯ ದಂಡೆಯ ಪ್ರಾಚೀನ ಬಂದರು. 'ಪೆರಿಪ್ಲಸ್' ಎಂಬ ಗ್ರೀಕ್ ಗ್ರಂಥದಲ್ಲಿಯೂ ಕಾನ್ಹೇರಿಯ ಬೌದ್ಧ ಶಾಸನಗಳಲ್ಲಿಯೂ ಅದರ ಹೆಸರಿದೆ. ಎರಡನೆಯದು ಬೀದರ ಜಿಲ್ಲೆಯ ಬಸವಕಲ್ಯಾಣ. ಹೆಸರುಗಳ ಈ ಸಾಮ್ಯದಿಂದ ಹುಟ್ಟಿದ ಗೊಂದಲ ಜನಪ್ರಿಯ ಬರಹಗಳಲ್ಲಿ ಇಂದಿಗೂ ತಲೆಹಾಕುತ್ತದೆ. ಕಾದಂಬರಿಕಾರನೊಬ್ಬನು ವಿಕ್ರಮಾದಿತ್ಯನನ್ನು ಉಲ್ಹಾಸ ನದಿಯ ತೀರದಲ್ಲಿ ಕೂರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಉತ್ತರ ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಮಾಂಡಲಿಕರಾಗಿ ಬೆಳಕಿಗೆ ಬಂದವರು. ಕಾನ್ಹೇರಿಯ ಮೂರು ಶಾಸನಗಳು ಅಮೋಘವರ್ಷನ ಆಳ್ವಿಕೆಯಲ್ಲಿ ಪುಲ್ಲಶಕ್ತಿ ಮತ್ತು ಇಮ್ಮಡಿ ಕಪರ್ದಿ ಕೊಂಕಣವನ್ನು ಆಳುತ್ತಿದ್ದುದನ್ನು ಹೇಳುತ್ತವೆ. ವಂಶದ ಮೂಲಪುರುಷನಾದ ಮೊದಲನೆಯ ಕಪರ್ದಿಯ ಹೆಸರಿನಿಂದ ಈ ನಾಡಿಗೆ ಕಪರ್ದಿಕದ್ವೀಪವೆಂಬ ಹೆಸರು ಬಂದಿತು. ಕಪರ್ದಿಕವೆಂದರೆ ಕವಡೆಯೂ ಹೌದು. ಆದುದರಿಂದಲೇ ಕನ್ನಡ ಶಾಸನಕವಿಯ ಬಾಯಲ್ಲಿ ಅದು ಸಹಜವಾಗಿ ಕವಡಿದ್ವೀಪವಾಯಿತು. ಜಟಾಧಾರಿಯಾದ ಶಿವನ ಹೆಸರು ಕಡಲ ಚಿಪ್ಪಿನ ಹೆಸರಾಗಿ ಮಾರ್ಪಟ್ಟ ಬಗೆ ಭಾಷಾಶಾಸ್ತ್ರದ ದೃಷ್ಟಿಯಿಂದ ಸ್ವಾರಸ್ಯವಾದುದು. ಈ ಅರಸರು ತಮ್ಮನ್ನು ತಗರಪುರದ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್‌ನ, ಒಡೆಯರೆಂದು ಕರೆದುಕೊಂಡರು. ನಾಗರನ್ನು ಉಳಿಸಲು ತನ್ನ ದೇಹವನ್ನೇ ಗರುಡನಿಗೆ ಒಪ್ಪಿಸಿದ ವಿದ್ಯಾಧರ ಜೀಮೂತವಾಹನನ ವಂಶದವರೆಂದು ಹೇಳಿಕೊಂಡರು. ದಾನಶಾಸನಗಳ ಭಾಷೆ ಸಂಸ್ಕೃತ. ಆದರೆ ಬಿರುದುಗಳ ಸಾಲಿನಲ್ಲಿ 'ನನ್ನಿಸಮುದ್ರ', 'ಮಲಗಲಗಂಡ' ಮುಂತಾದ ಅಚ್ಚಗನ್ನಡದ ಮಾತುಗಳು ಬರುತ್ತವೆ. 'ಗೊಗ್ಗಿ' ಎಂಬ ರಾಜನಾಮದ ಧ್ವನಿಯೂ ಕನ್ನಡದ್ದೇ. ಭಿವಂಡಿ ತಾಲೂಕಿನ ಭಾದಾನದಲ್ಲಿ ದೊರೆತ ಅಪರಾಜಿತನ ತಾಮ್ರಪಟವು (ಶಕ 919, ಕ್ರಿ.ಶ. 997) ತನ್ನ ಅರಸನ ವಂಶವನ್ನು ಹೇಳುವ ಮೊದಲು ರಾಷ್ಟ್ರಕೂಟರ ವಂಶವನ್ನು ಕಕ್ಕಲನವರೆಗೂ ಹೇಳಿ, ಬಿರುಗಾಳಿಗೆ ದೀಪ ಆರಿದಂತೆ ಅವನು ತೈಲಪನಿಂದ ನಂದಿಹೋದನೆಂದು ಮರುಗುತ್ತದೆ. ಸಾಮ್ರಾಜ್ಯ ಅಳಿದು ಕಾಲು ಶತಮಾನವೇ ಕಳೆದಿತ್ತು. ಹಳೆಯ ಒಡೆಯರಲ್ಲಿ ಇಷ್ಟು ದೀರ್ಘವಾದ ನಿಷ್ಠೆಯನ್ನು ತೋರಿದ ಸಾಮಂತರು ವಿರಳ. ಹೊಸ ಚಕ್ರವರ್ತಿಗಳಾದ ಚಾಲುಕ್ಯರನ್ನು ಒಪ್ಪಿಕೊಳ್ಳುವ ಮನಸ್ಸಿಲ್ಲದಿದ್ದುದೂ ಆ ನಿಷ್ಠೆಯ ಒಂದು ಮುಖವೆಂದು ನಮಗೆ ತೋರುತ್ತದೆ.

ನಮ್ಮ ಕಥೆಯ ಕಾಲ ಹನ್ನೊಂದನೆಯ ಶತಮಾನದ ಮಧ್ಯಭಾಗ. ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ ಎಂಬ ಮೂವರು ಸಹೋದರರು ಒಬ್ಬರಾದ ಮೇಲೆ ಒಬ್ಬರು ಠಾಣೆಯ ಪಟ್ಟಕ್ಕೆ ಬಂದರು. ಛಿತ್ತರಾಜನ ಭಾಂಡುಪ ಶಾಸನ 1026ರದು. ನಾಗಾರ್ಜುನನ ಠಾಣೆಯ ತಾಮ್ರಪಟ 1039ರದು. ಮುಮ್ಮುಣಿಯ ದಾಖಲೆಗಳು 1049ರ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. ಅಣ್ಣನ ಮಕ್ಕಳಿಗೆ ಬದಲಾಗಿ ತಮ್ಮಂದಿರು ಪಟ್ಟವೇರುವ ಕಡೆಗಳಲ್ಲಿ ದಾಯಾದಿ ಮತ್ಸರ ಹೊಗೆಯಾಡುವುದು ಸಹಜ. ಇಲ್ಲಿ ಅದು ಊಹೆಯ ಮಾತಷ್ಟೇ ಅಲ್ಲ. ನಾಗಾರ್ಜುನನ ಮಗನಾದ ಅನಂತದೇವನು 1094ರ ಸುಮಾರಿಗೆ ಹೊರಡಿಸಿದ ಖಾರೇಪಾಟಣ ತಾಮ್ರಪಟದಲ್ಲಿ, ಬಂಧುಗಳ ವೈರದಿಂದ ಒದಗಿದ ಕೇಡುಗಾಲದಲ್ಲಿ ಕೊಂಕಣವನ್ನು ಹಾಳುಗೆಡವಿದ ದುರುಳರನ್ನು ತಾನು ಕತ್ತಿಯ ಅಲುಗಿನ ಕಡಲಲ್ಲಿ ಮುಳುಗಿಸಿದೆನೆಂದು ಹೇಳಿಕೊಳ್ಳುತ್ತಾನೆ. ಅರಸುಮನೆಯ ಒಳಜಗಳವನ್ನು ಅರಸನೇ ತನ್ನ ದಾನಪತ್ರದಲ್ಲಿ ಬರೆಯಿಸಿದನೆಂದರೆ ಅದು ಎಷ್ಟು ಬಹಿರಂಗವಾಗಿದ್ದಿರಬೇಕು! ಇದೇ ತಾಮ್ರಪಟ ಸ್ಥಾನಕ, ನಾಗಪುರ, ಶೂರ್ಪಾರಕ, ಚೇಮುಲಿ ಬಂದರುಗಳಲ್ಲಿ ಇಬ್ಬರು ಶ್ರೇಷ್ಠಿಗಳ ಹಡಗುಗಳಿಗೆ ಸುಂಕವನ್ನು ಮನ್ನಾಮಾಡುತ್ತದೆ. ಶೂರ್ಪಾರಕವೆಂದರೆ 2014ರಿಂದ ಪಾಲಘರ ಜಿಲ್ಲೆಗೆ ಸೇರಿರುವ ಸೋಪಾರ. ಚೇಮುಲಿ ರಾಯಗಡ ಜಿಲ್ಲೆಯ ಚೌಲ. ಅರಸರ ಪ್ರಣಯ, ಪೈಪೋಟಿಗಳ ಹಿಂದೆ ಹಡಗುಗಳ ಸುಂಕವಿತ್ತೆಂಬುದನ್ನು ಕಥೆಗಾರನು ಮರೆಯಬಾರದು. ಪೂರ್ವದಲ್ಲಿ ಇಂದು ಐರೋಳಿ, ವಾಶಿ, ಬೇಲಾಪುರಗಳು ನಿಂತಿರುವ ದಂಡೆ, ಪಶ್ಚಿಮದಲ್ಲಿ ಸಾಷ್ಟಿ ದ್ವೀಪ, ನಡುವೆ ಖಾಡಿ: ಠಾಣೆಯ ಸಂಪತ್ತು ಆ ಖಾಡಿಯ ನೀರಿನದು.

ಈ ಮೂವರು ಸಹೋದರರ ಆಸ್ಥಾನವನ್ನು ಕಣ್ಣಾರೆ ಕಂಡ ಕವಿಯೊಬ್ಬನು ನಮಗೆ ಲಭ್ಯನಿರುವುದು ಭಾಗ್ಯವೆನ್ನಬೇಕು. ಲಾಟದೇಶದ ವಾಲಭ ಕಾಯಸ್ಥನಾದ ಸೋಡ್ಢಲನು ಅಲ್ಲಿಂದ ಕೊಂಕಣಕ್ಕೆ ಬಂದು, ಛಿತ್ತರಾಜ, ನಾಗಾರ್ಜುನ, ಮುಮ್ಮುಣಿಯರ ಆಶ್ರಯವನ್ನು ಪಡೆದನು. ಅವನ 'ಉದಯಸುಂದರೀಕಥೆ' ಎಂಟು ಉಚ್ಛ್ವಾಸಗಳ ಚಂಪೂ. ಸಿ. ಡಿ. ದಲಾಲ್ ಮತ್ತು ಎಂಬಾರ್ ಕೃಷ್ಣಮಾಚಾರ್ಯರ ಸಂಪಾದಕತ್ವದಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ 11ನೆಯ ಪುಸ್ತಕವಾಗಿ ಅದು 1920ರಲ್ಲಿ ಅಚ್ಚಾಯಿತು. ಬಾಣನ 'ಹರ್ಷಚರಿತ'ದ ಮಾದರಿಯನ್ನು ಅನುಸರಿಸಿ ಕವಿ ಮೊದಲಿಗೆ ತನ್ನ ವಂಶವನ್ನೂ ಜೀವನವನ್ನೂ ಹೇಳಿಕೊಳ್ಳುತ್ತಾನೆ. ಆ ಭಾಗದಲ್ಲಿ ಆಸ್ಥಾನದ ಕವಿಗೋಷ್ಠಿಯ ಚಿತ್ರ ದೊರೆಯುತ್ತದೆ. ಚಂದನಾಚಾರ್ಯ, ವಿಜಯಸಿಂಹಾಚಾರ್ಯ, ಮಹಾಕೀರ್ತಿ, ಇಂದ್ರ ಎಂಬ ಜೈನ ಕವಿಗಳನ್ನು ಸೋಡ್ಢಲನು ಗೌರವದಿಂದ ಹೆಸರಿಸುತ್ತಾನೆ. ವಿಜಯಸಿಂಹನು ನಾಗಾರ್ಜುನನ ಖಡ್ಗವನ್ನು ಕುರಿತು ಪದ್ಯ ಕಟ್ಟಿ 'ಖಡ್ಗಾಚಾರ್ಯ'ನೆನಿಸಿಕೊಂಡನು. ಒಂದು ಪದ್ಯಕ್ಕೆ ಒಂದು ಬಿರುದು! ಆಸ್ಥಾನದ ಪೈಪೋಟಿಯ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಬೇಕಿಲ್ಲ. ಶೈವರಾದ ಅರಸರ ಸಭೆಯಲ್ಲಿ ಶ್ವೇತಾಂಬರ, ದಿಗಂಬರ, ವೈದಿಕ ಕವಿಗಳು ಒಟ್ಟಿಗೆ ಕುಳಿತು ಸ್ಪರ್ಧಿಸುತ್ತಿದ್ದರೆಂಬುದು ಇಲ್ಲಿಯ ಮುಖ್ಯ ಸಂಗತಿ. ಕನ್ನಡ ನಾಡಿನಲ್ಲಿ ಇದೇ ವೇಳೆಗೆ, 1031ರಲ್ಲಿ, ಇಮ್ಮಡಿ ಜಯಸಿಂಹನ ಸಂಧಿವಿಗ್ರಹಿಯಾದ ದುರ್ಗಸಿಂಹನು 'ಪಂಚತಂತ್ರ'ವನ್ನು ಮುಗಿಸುತ್ತಿದ್ದನೆಂಬುದನ್ನು ನೆನೆದರೆ ಎರಡು ಆಸ್ಥಾನಗಳ ವಾತಾವರಣ ಹೋಲಿಕೆಗೆ ಒದಗುತ್ತದೆ.

ಕಥೆಯ ವಸ್ತು ಸಂಪೂರ್ಣ ಕಲ್ಪಿತವಾದುದು. ಪ್ರತಿಷ್ಠಾನದ ಅರಸ ಮಲಯವಾಹನ. ನಾಗರಾಜ ಶಿಖಂಡತಿಲಕನ ಮಗಳು ಉದಯಸುಂದರಿ. ಅವರಿಬ್ಬರ ವಿವಾಹವೇ ಫಲ. ಇಲ್ಲಿ ನಮ್ಮದೊಂದು ಊಹೆಯನ್ನು ಮುಂದಿಡಬಯಸುತ್ತೇವೆ. ಶಿಲಾಹಾರರು ಮೂಲಪುರುಷನೆಂದು ಹೇಳಿಕೊಂಡ ಜೀಮೂತವಾಹನನ ಪ್ರಣಯಿನಿ ಮಲಯವತಿ. ಹರ್ಷನ 'ನಾಗಾನಂದ' ನಾಟಕವನ್ನು ಬಲ್ಲ ಯಾವ ಸಭಿಕನಿಗೂ ಅದು ಗೊತ್ತಿದ್ದ ಸಂಗತಿ. ಸೋಡ್ಢಲನ ನಾಯಕನ ಹೆಸರಿನಲ್ಲಿ ಆ ಎರಡು ಹೆಸರುಗಳೂ ಬೆರೆತಿರುವುದು, ನಾಯಕಿಯು ನಾಗಕನ್ಯೆಯಾಗಿರುವುದು ಆಕಸ್ಮಿಕವಾಗಿರಲಾರದು. ಕೃತಿ ಪೂರ್ಣಗೊಂಡದ್ದು ಲಾಟದ ವತ್ಸರಾಜನ ಪ್ರೋತ್ಸಾಹದಲ್ಲಾದರೂ ಕವಿಯ ಮನಸ್ಸಿನಲ್ಲಿ ಠಾಣೆಯ ಒಡೆಯರ ವಂಶಕಥೆ ಆಡುತ್ತಿತ್ತೆಂದು ಭಾವಿಸಲು ಇದು ಎಡೆಕೊಡುತ್ತದೆ. ನಾಗರನ್ನು ಉಳಿಸಿದವನ ಕುಲಕ್ಕೆ ನಾಗಲೋಕವು ಮಗಳನ್ನು ಕೊಟ್ಟು ಋಣ ತೀರಿಸಿದಂತೆ ಕಥೆ ಸಾಗುತ್ತದೆ. ಪ್ರಣಯಕಥೆಯ ತೊಡುಗೆಯಲ್ಲಿ ರಾಜಸ್ತುತಿಯನ್ನು ಅಡಗಿಸಿಡುವ ಈ ಉಪಾಯ ನಮ್ಮ ಪಂಪನಿಗೂ ಗೊತ್ತಿತ್ತು, ಆದರೆ ಅವನು ಅದನ್ನು ಬಹಿರಂಗವಾಗಿಯೇ ಮಾಡಿದನು.

ಕಾದಂಬರಿಯೆಂಬ ನಮ್ಮ ಮಾತಿನ ಇತಿಹಾಸವನ್ನು ಇಲ್ಲಿ ಸ್ವಲ್ಪ ನೆನೆಯಬಹುದು. ಬಾಣನ ನಾಯಕಿಯ ಹೆಸರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಸಾಹಿತ್ಯಪ್ರಕಾರದ ಹೆಸರೇ ಆಗಿ ನಿಂತಿತು. ಕನ್ನಡದಲ್ಲಿ ನಾಗವರ್ಮನ 'ಕರ್ಣಾಟಕ ಕಾದಂಬರಿ', ಅದಾದ ಮೇಲೆ ನೇಮಿಚಂದ್ರನ 'ಲೀಲಾವತಿ ಪ್ರಬಂಧ' ಈ ಮನೋಹರ ಪ್ರಣಯಪರಂಪರೆಯನ್ನು ಬೆಳೆಸಿದವು. ಸೋಡ್ಢಲನ ಕೃತಿ ಇದೇ ಕುಲದ್ದು. ಠಾಣೆಯಲ್ಲಿ ಬೆಳೆದ ಸಂಸ್ಕೃತ ಕಥೆಗೂ ಬನವಾಸಿಯ ಜಯಂತೀಪುರವನ್ನು ನಾಯಕನ ನೆಲೆಯಾಗಿಸಿಕೊಂಡ ಕನ್ನಡ ಕಥೆಗೂ ಹಿರಿಯಕ್ಕ ಒಬ್ಬಳೇ. ಇವುಗಳನ್ನು ಜೊತೆಗಿಟ್ಟು ಓದುವ ಅಧ್ಯಯನ ಮುಂದುವರಿಯಬೇಕಾಗಿದೆ.

ಈಗ ಮದುವೆಯ ಪ್ರಸಂಗಕ್ಕೆ ಮರಳೋಣ. ಉದಯಸುಂದರಿಗೆ ಹೆಸರಿದೆ, ರೂಪವಿದೆ, ವಿರಹವಿದೆ. ನಿಜವಾಗಿ ಬದುಕಿದ್ದ ಠಾಣೆಯ ಅರಸುಮಗಳಿಗೆ ಶಾಸನದಲ್ಲಿ ಹೆಸರೇ ಇಲ್ಲ. ಹೊನ್ನಿನ ಲೆಕ್ಕವಿದೆ; ಹೆಣ್ಣಿನ ಹೆಸರಿಲ್ಲ. ಶಾಸನಕವಿಗೆ ಸ್ತ್ರೀಯರ ಹೆಸರು ಹೇಳುವ ರೂಢಿಯಿರಲಿಲ್ಲವೆಂದು ಸಮಾಧಾನ ಹೇಳುವಂತಿಲ್ಲ. ಅದೇ ಕಲ್ಲಿನಲ್ಲಿ ಆರನೆಯ ವಿಕ್ರಮಾದಿತ್ಯನ ಮಗಳಾದ ಮೈಲಲದೇವಿಯ ಹೆಸರು ಸಕಲ ಗೌರವದೊಂದಿಗೆ ಬಂದಿದೆ. ಹನ್ನೊಂದನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಜಯಸಿಂಹನ ಅಕ್ಕ ಅಕ್ಕಾದೇವಿಯು ನಾಡನ್ನಾಳುತ್ತಾಳೆ, ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕುತ್ತಾಳೆ. ಚಕ್ರವರ್ತಿಯ ಮಗಳಿಗೆ, ಚಕ್ರವರ್ತಿಯ ಅಕ್ಕನಿಗೆ ಹೆಸರಿತ್ತು. ಸೋತ ನೆರೆಯರಸನ ಮಗಳು ಕವಿಗೆ ಗೆಲುವಿನ ಒಂದು ಗುರುತಾಗಿ ಮಾತ್ರ ಬೇಕಾಗಿದ್ದಳು.

ಸೋತ ಅರಸನೆಂದು ಏಕೆ ಹೇಳುತ್ತೇವೆ? ಶಾಸನದ ಅನುಕ್ರಮವನ್ನು ಗಮನಿಸಬೇಕು. ಮೊದಲು ಕವಡಿದ್ವೀಪದ ವಿಜಯ, ಆಮೇಲೆ ಮುಮ್ಮುರಿಯ ಅಕ್ಕರೆ. ತನ್ನ ನಾಡನ್ನು ಗೆದ್ದವನನ್ನು ಎದುರುಗೊಂಡು ಅರಮನೆಗೆ ಕರೆದೊಯ್ದವನ ಅಕ್ಕರೆಯನ್ನು ರಾಜನೀತಿಯ ಭಾಷೆಯಲ್ಲಿ ಸಂಧಿಯೆನ್ನುತ್ತಾರೆ; ಐದು ಲಕ್ಷ ಹೊನ್ನನ್ನು ಕಪ್ಪವೆನ್ನುತ್ತಾರೆ. ಶಿಲಾಹಾರರ ಶಾಸನಗಳನ್ನೆಲ್ಲ ಒಟ್ಟುಗೂಡಿಸಿ 1977ರಲ್ಲಿ ಪ್ರಕಟಿಸಿದ ವಾ. ವಿ. ಮಿರಾಶಿಯವರ ಸಂಪುಟವನ್ನು ಓದಿದರೆ, ಮುಮ್ಮುಣಿಯ ಕಡೆಯ ದಾಖಲೆಗಳಲ್ಲಿ ಈ ಮದುವೆಯ ಪ್ರಸ್ತಾಪವಾಗಲಿ ಚಟ್ಟಯ್ಯನ ವಿಜಯದ ಪ್ರಸ್ತಾಪವಾಗಲಿ ಬರುವುದಿಲ್ಲ. ಹೆಣ್ಣು ಕೊಟ್ಟವರು ಮೌನ, ತಂದವರು ಮುಖರ. ಪ್ರಸಂಗ ನಡೆದು ಮುಕ್ಕಾಲು ಶತಮಾನದ ಮೇಲೆ ಬರೆದ ನರೇಂದ್ರದ ಕವಿಗೆ ನೆನಪಿನಲ್ಲಿ ಉಳಿದದ್ದು ಗೆದ್ದವರ ಮನೆಯ ಮಾತು.

ಕಾಲಗಣನೆಯ ತೊಡಕು ಇನ್ನೂ ಕುತೂಹಲಕರವಾದುದು. ಮೊರೇಸ್ ಅವರು ಚಟ್ಟಯ್ಯನ ಆಳ್ವಿಕೆಯನ್ನು ಸುಮಾರು 1005ರಿಂದ 1050ರವರೆಗೆ ಇಟ್ಟಿದ್ದಾರೆ. 1039ರಲ್ಲಿ ಠಾಣೆಯ ಪಟ್ಟದಲ್ಲಿದ್ದವನು ನಾಗಾರ್ಜುನ. ಮುಮ್ಮುಣಿಯು ಅರಸನಾದ ಮೇಲೆಯೇ ಮದುವೆ ನಡೆಯಿತೆಂದು ಒಪ್ಪಿದರೆ ಅದು 1040ರ ದಶಕಕ್ಕೆ ಬರುತ್ತದೆ. ಆಗ ವರನು ಪಟ್ಟವೇರಿ ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದಿರಬೇಕು. ತರುಣನಾದ ನೌಕಾನಾಯಕನೊಬ್ಬನು ಖಾಡಿಯ ದಂಡೆಯಲ್ಲಿ ರಾಜಕುವರಿಯನ್ನು ಕಂಡು ಮೋಹಿಸಿದನೆಂಬ ದೃಶ್ಯವನ್ನು ಈ ಲೆಕ್ಕ ಒಂದೇ ಏಟಿಗೆ ಅಳಿಸಿಹಾಕುತ್ತದೆ. ವರನು ವೃದ್ಧಾಪ್ಯದ ಹೊಸ್ತಿಲಲ್ಲಿದ್ದ ಅರಸ. ವಧುವು ಅವನ ಮಗ ಮೊದಲನೆಯ ಜಯಕೇಶಿಗಿಂತ ಕಿರಿಯಳಾಗಿದ್ದರೂ ಇರಬಹುದು. ಇದಕ್ಕೆ ಪರ್ಯಾಯವೂ ಉಂಟು. ಮುಮ್ಮುಣಿಯು ಅಣ್ಣಂದಿರ ಆಳ್ವಿಕೆಯಲ್ಲಿ ಇನ್ನೂ ರಾಜಕುಮಾರನಾಗಿದ್ದಾಗಲೇ ಸಂಬಂಧ ಬೆಳೆದಿದ್ದು, ನಂತರದ ಕವಿಯು ಅವನನ್ನು ಠಾಣೆಯ ಒಡೆಯನೆಂದೇ ಕರೆದಿರಬಹುದು. ಆದರೆ ಶಾಸನದಲ್ಲಿ ಅರಮನೆಗೆ ಕರೆದೊಯ್ದು ಐದು ಲಕ್ಷ ಹೊನ್ನು ಕೊಡುವ ಅಧಿಕಾರ ಅವನದೇ. ಆದುದರಿಂದ ನಾವು ಮೊದಲನೆಯ ಪಕ್ಷಕ್ಕೇ ಒಲಿಯುತ್ತೇವೆ.

ಮೊದಲನೆಯ ಪಕ್ಷವನ್ನು ಒಪ್ಪಿದರೆ ಮತ್ತೊಂದು ದಾರುಣವಾದ ಸಾಧ್ಯತೆ ಎದುರಾಗುತ್ತದೆ. ಬೆಳಗಾವಿ ಜಿಲ್ಲೆಯ ದೇಗಾಂವೆಯ ಹನ್ನೆರಡನೆಯ ಶತಮಾನದ ಶಾಸನವು ಮೊದಲನೆಯ ಜಯಕೇಶಿಯು ಕಪರ್ದಿಕದ್ವೀಪದ ಅರಸನನ್ನು ಕೊಂದನೆಂದು ಹೇಳುತ್ತದೆ. ಆ ಅರಸನು ಮುಮ್ಮುಣಿಯೇ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ಜಯಕೇಶಿ 1050ರ ದಶಕದ ಆರಂಭದಲ್ಲಿಯೇ ಸ್ವತಂತ್ರವಾಗಿ ಆಳುತ್ತಿದ್ದುದರಿಂದ ಅವನು ಠಾಣೆಯ ವಧುವಿನ ಹೊಟ್ಟೆಯಲ್ಲಿ ಹುಟ್ಟಿದವನಾಗಿರುವುದು ಕಾಲಗಣನೆಗೆ ಹೊಂದುವುದಿಲ್ಲ. ಅವಳು ಅವನಿಗೆ ಮಲತಾಯಿ. ತವರಿನ ಸೋಲಿನ ನೆನಪಿನೊಂದಿಗೆ ಗೋವೆಯ ಅಂತಃಪುರಕ್ಕೆ ಬಂದ ಹೆಣ್ಣುಮಗಳು, ತಂದೆಯ ಕೊಲೆಯ ಸುದ್ದಿಯನ್ನು ಅದೇ ಅಂತಃಪುರದಲ್ಲಿ, ಗೆಲುವಿನ ಸುದ್ದಿಯೆಂಬಂತೆ ಕೇಳಿರಬಹುದು. ಅಂಬರನಾಥದ ಶಾಸನದಿಂದ 1060ರಲ್ಲಿ ಮುಮ್ಮುಣಿ ಜೀವಂತನಾಗಿದ್ದನೆಂಬುದು ಖಚಿತ. ಕೊಲೆ ನಡೆದುದಾದರೆ ಅದು ಆಮೇಲಿನದು. ಇವೆಲ್ಲ ಶಾಸನಗಳು ಸೂಚಿಸುವ ಸಾಧ್ಯತೆಗಳೇ ಹೊರತು ನಿರ್ಣಯಗಳಲ್ಲ. ಆದರೂ ನಮ್ಮ ಅಭಿಪ್ರಾಯದಲ್ಲಿ ಎಳೆಯರಿಗಾಗಿ ಬರೆಯುವ ಕಥೆಗಾರನಿಗೆ ಕಲ್ಪಿತ ಪ್ರಣಯಕ್ಕಿಂತ ಈ ಸಾಧ್ಯತೆಗಳೇ ಹೆಚ್ಚು ಬಲವಾದ ವಸ್ತು. ಹದಿನಾರು ಹದಿನೇಳರ ಓದುಗರನ್ನು ಮಕ್ಕಳೆಂದು ಬಗೆದು ಅವರಿಂದ ಕಹಿಯನ್ನು ಮರೆಮಾಡುವ ರೂಢಿ ನಮ್ಮಲ್ಲಿದೆ. ಆ ವಯಸ್ಸಿಗೆ ಈ ಹುಡುಗಿಗೆ ಬಹುಶಃ ಮದುವೆಯೇ ಆಗಿತ್ತು.

ಮುಂದಿನ ತಲೆಮಾರಿನ ಒಬ್ಬ ಅರಸುಮಗಳ ಭಾಗ್ಯ ಬೇರೆಯಾಯಿತು. ಜಯಕೇಶಿಯ ಮಗಳು ಮಯಣಲ್ಲದೇವಿಯು ಗುಜರಾತಿನ ಚೌಲುಕ್ಯ ಕರ್ಣನ ರಾಣಿಯಾಗಿ, ಸಿದ್ಧರಾಜ ಜಯಸಿಂಹನ ತಾಯಿಯಾದಳು. ಹೇಮಚಂದ್ರನು 'ದ್ವ್ಯಾಶ್ರಯ' ಕಾವ್ಯದಲ್ಲಿ ಈ ವಿವಾಹವನ್ನು ಚಿತ್ರಪಟದಿಂದ ಅರಳಿದ ಅನುರಾಗವೆಂದು ಸೊಗಸಾಗಿ ಬಣ್ಣಿಸುತ್ತಾನೆ. 1305ರ ಸುಮಾರಿನಲ್ಲಿ 'ಪ್ರಬಂಧಚಿಂತಾಮಣಿ'ಯನ್ನು ಮುಗಿಸಿದ ಮೇರುತುಂಗನದು ಬೇರೆಯದೇ ಕಥೆ. ಕರ್ಣಾಟಕದಿಂದ ಬಂದ ಕನ್ಯೆಯು ರೂಪವತಿಯಲ್ಲವೆಂದು ಕರ್ಣನು ಒಲ್ಲೆನೆಂದನು. ಅವಳು ಸಖಿಯರೊಡನೆ ಅಗ್ನಿಪ್ರವೇಶಕ್ಕೆ ಸಿದ್ಧಳಾದಳು. ರಾಜಮಾತೆ ಉದಯಮತಿಯೂ ಅವಳ ಜೊತೆಗೆ ನಿಂತಾಗ ಅರಸನು ಮಣಿದು ವರಿಸಿದನು, ಆದರೆ ಕಣ್ಣೆತ್ತಿ ನೋಡಲಿಲ್ಲ. ಮಂತ್ರಿ ಮುಂಜಾಲನ ಉಪಾಯದಿಂದ ದಾಂಪತ್ಯ ನೆಟ್ಟಗಾಯಿತು. ಬಿಲ್ಹಣನ 'ಕರ್ಣಸುಂದರೀ' ನಾಟಿಕೆಯ ವಿದ್ಯಾಧರ ಕನ್ಯೆಯಲ್ಲಿಯೂ ಇವಳ ನೆರಳನ್ನು ಕಂಡ ವಿದ್ವಾಂಸರಿದ್ದಾರೆ. ಒಂದೇ ವಿವಾಹಕ್ಕೆ ಆಸ್ಥಾನ ಪಂಡಿತನದೊಂದು ಮುಖ, ಶತಮಾನ ಕಳೆದ ಮೇಲೆ ಜೈನ ಪ್ರಬಂಧಕಾರನದೊಂದು ಮುಖ. ನರೇಂದ್ರದ ಶಾಸನದ ಅಕ್ಕರೆಯ ಮಾತನ್ನು ಓದುವಾಗ ಈ ಎರಡು ಮುಖಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಠಾಣೆಯ ಮಗಳಿಗೆ ಒಬ್ಬ ಮೇರುತುಂಗ ದೊರೆಯಲಿಲ್ಲ.

ಬಿಲ್ಹಣನು ಅಲ್ಲಿಂದ ಬಂದು ಚಾಲುಕ್ಯರ ಕಲ್ಯಾಣದಲ್ಲಿ 'ವಿಕ್ರಮಾಂಕದೇವಚರಿತ'ವನ್ನು ಬರೆದುದು ಸರ್ವವಿದಿತ. ಅದರಲ್ಲಿ ಕರಹಾಟದ ಶಿಲಾಹಾರ ರಾಜಕುವರಿ ಚಂದ್ರಲೇಖೆಯ ಸ್ವಯಂವರವಿದೆ. ಇವಳೇ ಶಾಸನಗಳ ಚಂದಲದೇವಿ. ಠಾಣೆಯ ಮನೆತನದ ದಾಯಾದಿ ಶಾಖೆಯಾದ ಕರಾಡ-ಕೊಲ್ಲಾಪುರದ ಶಿಲಾಹಾರರ ಹೆಣ್ಣಿಗೆ ಸ್ವಯಂವರದ ಸಭೆ ಲಭಿಸಿತು, ಒಬ್ಬೊಬ್ಬ ಅರಸನನ್ನೂ ನೋಡಿ ನಿರಾಕರಿಸುವ ಹಕ್ಕು ಕಾವ್ಯದಲ್ಲಾದರೂ ಲಭಿಸಿತು. ಸ್ವಯಂವರ ನಿಜವಾಗಿ ನಡೆಯಿತೆ, ಕಾವ್ಯಸಂಪ್ರದಾಯವೆ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ.

ಆಧುನಿಕ ಕಾಲದಲ್ಲಿ ಮಯಣಲ್ಲದೇವಿಯನ್ನು ಎಳೆಯ ಓದುಗರ ಮನೆಮನೆಗೂ ತಲುಪಿಸಿದವರು ಕನ್ಹೈಯಾಲಾಲ್ ಮುನ್ಷಿ. 1916ರಲ್ಲಿ ಪ್ರಕಟವಾದ ಅವರ 'ಪಾಟಣನೀ ಪ್ರಭುತಾ' ಕಾದಂಬರಿಯಲ್ಲಿ ಅವಳು ಮೀನಳದೇವಿ. ವಿಧವೆಯಾಗಿ, ಬಾಲಕನಾದ ಮಗನ ಪರವಾಗಿ ರಾಜ್ಯಸೂತ್ರವನ್ನು ಹಿಡಿದವಳು. ಮಂತ್ರಿ ಮುಂಜಾಲನೊಡನೆ ಅವಳ ಅಂತರಂಗದ ಬಾಂಧವ್ಯವೇ ಕೃತಿಯ ತಿರುಳು. ಮೇರುತುಂಗನ ಮಂತ್ರಿಯು ದಾಂಪತ್ಯವನ್ನು ಕೂಡಿಸಿದವನು, ಮುನ್ಷಿಯವರ ಮಂತ್ರಿಯು ರಾಣಿಯ ಪ್ರಣಯಿ. ಇತಿಹಾಸದ ನೆಲೆಯಲ್ಲಿ ಆಕ್ಷೇಪಾರ್ಹವಾದರೂ ಈ ಮಾರ್ಪಾಡು ಮಹತ್ವಾಕಾಂಕ್ಷೆಯುಳ್ಳ ಒಬ್ಬ ಸ್ತ್ರೀಯನ್ನು ಸೃಷ್ಟಿಸಿತು. ಫ್ರೆಂಚ್ ಲೇಖಕ ಡ್ಯೂಮಾನ ಪ್ರಭಾವ ಎದ್ದು ಕಾಣುತ್ತದೆ. ಗುಜರಾತಿನ ಹಲವು ತಲೆಮಾರುಗಳ ತರುಣರು ಕನ್ನಡ ಮೂಲದ ಕದಂಬರ ಮಗಳೊಬ್ಬಳನ್ನು ಪಾಟಣದ ಪ್ರಭುತ್ವದ ಪ್ರತಿಮೆಯಾಗಿ ಓದಿ ಬೆಳೆದರು. ಕನ್ನಡಿಗರು ಅವಳನ್ನು ಬಹುಮಟ್ಟಿಗೆ ವಂಶಾವಳಿಯ ಅಡಿಟಿಪ್ಪಣಿಯಲ್ಲಿಯೇ ಬಿಟ್ಟರು.

ಕನ್ನಡದ ಐತಿಹಾಸಿಕ ಕಾದಂಬರಿಗೆ ಬೇರೆಯ ಒತ್ತಡಗಳಿದ್ದವು. ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿದ ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕೃತಿಗಳನ್ನು ಕನ್ನಡಕ್ಕೆ ತಂದರು, 'ಮಾಧವ ಕರುಣಾವಿಲಾಸ'ದಲ್ಲಿ ವಿಜಯನಗರದ ಉದಯವನ್ನು ಬರೆದರು. ಹರಿದು ಹಂಚಿಹೋಗಿದ್ದ ನಾಡಿಗೆ ಒಂದು ಹಿರಿಯ ಸಾಮ್ರಾಜ್ಯದ ನೆನಪು ಬೇಕಾಗಿತ್ತು. ಕೆ. ವಿ. ಅಯ್ಯರ್ ಅವರ 'ಶಾಂತಲಾ', ಮಾಸ್ತಿಯವರ 'ಚಿಕವೀರ ರಾಜೇಂದ್ರ', ತ.ರಾ.ಸು. ಅವರ 'ದುರ್ಗಾಸ್ತಮಾನ' ಇವು ಏಕೀಕರಣದ ಆಸುಪಾಸಿನ, ಅನಂತರದ ನಕಾಶೆಯೊಳಗೇ ನಿಂತವು. ಶಿಲಾಹಾರರು ಆ ನಕಾಶೆಯ ಅಂಚಿನಲ್ಲಿದ್ದರು. ಮರಾಠಿಗರಿಗೆ ಅವರು ಬಿರುದುಗಳಲ್ಲಿ ಕನ್ನಡ ಮಾತಾಡುವ ಅರಸರು, ಕನ್ನಡಿಗರಿಗೆ ಮಹಾರಾಷ್ಟ್ರದ ಅರಸರು. ಗಡಿವಿವಾದದ ಕಾವಿನಲ್ಲಿ ಎರಡೂ ಕಡೆಯ ಲೇಖಕರು ಅವರನ್ನು ಸ್ವಂತವೆಂದು ಸಾಧಿಸಲು ಹೊರಟುದೂ ಉಂಟು. ಈ ಧಾಟಿಯ ವಾದವನ್ನು ಎಳೆಯರ ಕಥೆಯೊಳಗೆ ತರುವುದು ನಮಗೆ ಒಪ್ಪಿಗೆಯಿಲ್ಲ. ಬಿರುದು ಕನ್ನಡ, ದಾನಪತ್ರ ಸಂಸ್ಕೃತ, ಆಸ್ಥಾನಕವಿ ಲಾಟದವನು, ಪೇಟೆಯಲ್ಲಿ ಮರಾಠಿಯ ಆದ್ಯರೂಪ, ಬಂದರಿನಲ್ಲಿ ಅರಬ್ಬರ ಮಾತು. ಡೊಂಬಿವಲಿಯಲ್ಲಿ ಬೆಳೆಯುವ ಕನ್ನಡದ ಹುಡುಗಿಗೆ ಇಂತಹ ಮನೆ ಅಪರಿಚಿತವೆನಿಸುವುದಿಲ್ಲ. ಅವಳ ಮನೆಯಲ್ಲೂ ಮೂರು ನಾಲ್ಕು ಭಾಷೆಗಳು ಓಡಾಡುತ್ತವೆ.

ಹೆಸರಿಲ್ಲದ ಅರಸುಮಗಳಿಗೆ ಕಥೆಗಾರನು ಹೆಸರಿಡಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಇಡಬಹುದು, ಇಡದೆ ಕಥೆ ನಡೆಯದು. ಆದರೆ ಪುಸ್ತಕದ ಮುನ್ನುಡಿಯಲ್ಲಿ ಅದು ತಾನಿಟ್ಟ ಹೆಸರೆಂದು ಹೇಳಬೇಕು. ಇಲ್ಲವಾದರೆ ಹತ್ತು ವರ್ಷಗಳಲ್ಲಿ ಆ ಹೆಸರು ಪ್ರವಾಸಿಗರ ಕೈಪಿಡಿಗೆ, ಇಪ್ಪತ್ತು ವರ್ಷಗಳಲ್ಲಿ ಸಂಶೋಧನ ಪ್ರಬಂಧಕ್ಕೆ ಸೇರಿಬಿಡುತ್ತದೆ. ಕಲ್ಪನೆಗೆ ನೆಲೆಯಾಗಿ ಅವಳು ಕಂಡಿರಬಹುದಾದ ಒಂದು ವಸ್ತುವಾದರೂ ಇಂದಿಗೂ ನಿಂತಿದೆ. ಕಲ್ಯಾಣದಿಂದ ಆಚೆಗೆ ಅಂಬರನಾಥದಲ್ಲಿರುವ ಶಿವಾಲಯವನ್ನು ಛಿತ್ತರಾಜನು ಆರಂಭಿಸಿ ಮುಮ್ಮುಣಿಯು ಮುಗಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ಅದರ ಉತ್ತರ ದ್ವಾರದ ತೊಲೆಯ ಮೇಲಿನ ಶಾಸನದ ವರ್ಷವನ್ನು ಭಾವೂ ದಾಜಿಯವರು ಮೊದಲಿಗೆ ಶಕ 782 ಎಂದು ಓದಿದ್ದರು. ಭಗವಾನಲಾಲ್ ಇಂದ್ರಜಿಯವರು ಅದನ್ನು 982 ಎಂದು ತಿದ್ದಿದರು. ಒಂದು ಅಂಕೆಯ ಓದಿನಿಂದ ಆಲಯ ಇನ್ನೂರು ವರ್ಷ ಕಿರಿದಾಯಿತು, ಮುಮ್ಮುಣಿಯ ಕಾಲಕ್ಕೆ ಬಂದಿತು. ಮದುವೆ 1040ರ ದಶಕದಲ್ಲಿ ನಡೆದುದಾದರೆ ಮುಮ್ಮುಣಿಯ ಮಗಳು ಠಾಣೆಯನ್ನು ಬಿಟ್ಟು ಹಡಗನ್ನೇರಿದಾಗ ಆ ಗೋಡೆಗಳು ಇನ್ನೂ ಏಳುತ್ತಿದ್ದವು. ಮುಗಿದ ಆಲಯವನ್ನು ನೋಡಲು ಅವಳು ತವರಿಗೆ ಮರಳಿ ಬಂದಳೆಂದು ಯಾವ ಶಾಸನವೂ ಹೇಳುವುದಿಲ್ಲ.